ಕಪ್ಪು ಹಲ್ಲಿನ ಹಸು

‘ಡಾರ್ಕ್ ವಾಟರ್ಸ್’ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ನೋಡಿದ ಮಾರನೇ ಬೆಳಿಗ್ಗೆ ಎದ್ದವನೇ ಮನೆಯಲ್ಲಿದ್ದ ನಾನ್‌ಸ್ಟಿಕ್ ತವಾನ ಕಸದ ಬುಟ್ಟಿಗೆ ಹಾಕಿದೆ. ಹೆಂಡತಿಗೆ ಆಗ ಆರು ತಿಂಗಳು. ಅವಳು ಏನೂ ಕೇಳಲಿಲ್ಲ, ಅವಳೂ ಸಿನಿಮಾ ನೋಡಿದ್ದಳು. ಆದರೆ ಊರಿಂದ ಬಂದಿದ್ದ ಅಮ್ಮ, “ಚೆನ್ನಾಗಿರೋ ಕಾವಲಿ ಯಾಕೋ ಎಸೀತೀಯ, ಸಂಬಳ ಜಾಸ್ತಿ ಆಗಿದೆಯಾ?” ಅಂತ ಅದನ್ನ ಬುಟ್ಟಿಯಿಂದ ಎತ್ತಿ, ತೊಳೆದು, ಹೊರಡುವಾಗ ಬ್ಯಾಗಿಗೆ ಹಾಕಿಕೊಂಡು ಹೋದಳು. ನಾನು ತಡೆಯಲಿಲ್ಲ. ತಡೆಯಬೇಕಿತ್ತಾ ಅನ್ನೋ ಪ್ರಶ್ನೆ ಕಾಡಿದ್ದು ಎರಡನೇ ಸಲ ಸಿನಿಮಾ ನೋಡಿದಾಗ.

ನೋಡದವರಿಗೆ ಒಂದಿಷ್ಟು ವಿವರ. 2019ರ ಸಿನಿಮಾ, ನಿರ್ದೇಶಕ ಟಾಡ್ ಹೇನ್ಸ್. ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ 2016ರಲ್ಲಿ ನಥಾನಿಯಲ್ ರಿಚ್ ಬರೆದ ಲೇಖನ ಇದಕ್ಕೆ ಆಧಾರ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಅನ್ನೋ ಊರಿನ ಹತ್ತಿರ ಡುಪಾಂಟ್ ಕಂಪನಿಯ ಟೆಫ್ಲಾನ್ ಕಾರ್ಖಾನೆ. ಟೆಫ್ಲಾನ್ ಮಾಡುವಾಗ ಬಳಸುತ್ತಿದ್ದ ರಾಸಾಯನಿಕ ಪಿಎಫ್ಒಎ. ಎಂಟು ಕಾರ್ಬನ್‌ಗಳ ಸರಪಣಿ ಇರೋದರಿಂದ ಕಂಪನಿಯೊಳಗೆ ಅದಕ್ಕೆ ಸಿ-8 ಅಂತ ಹೆಸರು. ಕಂಪನಿ ಈ ಸಿ-8 ಬೆರೆತ ಕೆಸರನ್ನು ತಂದು ಸುರಿದ ಗುಂಡಿಯ ಕೆಳಗೆ ವಿಲ್ಬರ್ ಟೆನ್ನೆಂಟ್ ಅನ್ನೋ ರೈತನ ಹಸುಗಳು ಮೇಯುತ್ತಿದ್ದವು. ಹಳ್ಳದ ನೀರು ಕುಡಿಯುತ್ತಿದ್ದವು. ಒಂದೊಂದಾಗಿ ಸತ್ತವು. ರೈತ ಊರಿನ ವಕೀಲರನ್ನೆಲ್ಲ ಕೇಳಿ, ಯಾರೂ ಕೇಸು ಮುಟ್ಟದೇ ಇದ್ದಾಗ, 1998ರಲ್ಲಿ ಸಿನ್ಸಿನಾಟಿಯ ಒಬ್ಬ ವಕೀಲನನ್ನು ಹಿಡಿದ. ಆ ವಕೀಲ ರಾಬ್ ಬಿಲಾಟ್. ತಮಾಷೆ ಏನೆಂದರೆ ಬಿಲಾಟ್ ಮಾಡುತ್ತಿದ್ದದ್ದೇ ಕೆಮಿಕಲ್ ಕಂಪನಿಗಳ ಪರ ವಕೀಲಿ. ಅವನ ಅಜ್ಜಿಗೆ ಆ ಕಡೆಯ ರೈತರು ಪರಿಚಯ, ಅಷ್ಟೇ ಕಾರಣ.

ಮಾರ್ಕ್ ರಫಲೋ ಬಿಲಾಟ್ ಆಗಿದ್ದಾನೆ. ಹಲ್ಕ್ ಆಗಿ ಅಂಗಿ ಹರಿದುಕೊಂಡು ಕೂಗಾಡಿದವನು ಇಲ್ಲಿ ಎರಡು ಗಂಟೆ ಭುಜ ಕುಗ್ಗಿಸಿಕೊಂಡು, ಅಳತೆಗೆ ಸರಿಯಾಗದ ಕೋಟಿನಲ್ಲಿ ಓಡಾಡುತ್ತಾನೆ. ನನಗೆ ಈ ನಟನೆ ಬಹಳ ಇಷ್ಟವಾಯಿತು. ಪ್ರಾಜೆಕ್ಟಿನಲ್ಲಿ ಒಬ್ಬನೇ ಒಬ್ಬ ಇರುತ್ತಾನಲ್ಲ, ಮೀಟಿಂಗಿನಲ್ಲಿ ಬಾಯಿ ಬಿಡದ, ಎಲ್ಲರೂ ಮನೆಗೆ ಹೋದಮೇಲೆ ಹಳೇ ಲಾಗ್‌ಗಳನ್ನು ಸಾಲುಸಾಲಾಗಿ ಓದುವವನು, ಥೇಟ್ ಅವನು.

ಆದರೆ ಸಿನಿಮಾ ನನ್ನನ್ನು ಹಿಡಿದು ಕೂರಿಸಿದ್ದು ರಫಲೋ ಅಲ್ಲ, ಹಸು. ಬಿಲ್ ಕ್ಯಾಂಪ್ ಮಾಡಿರುವ ಟೆನ್ನೆಂಟ್ ವಿಡಿಯೋ ಕ್ಯಾಸೆಟ್‌ಗಳ ಡಬ್ಬ ಹೊತ್ತು ಗಾಜಿನ ಕಟ್ಟಡದ ಆಫೀಸಿಗೆ ನುಗ್ಗುತ್ತಾನೆ. ಸತ್ತ ಹಸುಗಳನ್ನು ಅವನೇ ಕೊಯ್ದು, ಒಳಗೆ ಏನಾಗಿದೆ ಅಂತ ಕ್ಯಾಮೆರಾದಲ್ಲಿ ಹಿಡಿದಿದ್ದಾನೆ. ಕಪ್ಪು ತಿರುಗಿದ ಹಲ್ಲುಗಳನ್ನು ಜೋಪಾನ ಮಾಡಿ ಇಟ್ಟಿದ್ದಾನೆ. ಆಫೀಸಿನವರ ಮುಖ ನೋಡಬೇಕು. ಯಾರೋ ಹುಚ್ಚ ಬಂದಿದ್ದಾನೆ ಅನ್ನೋ ಭಾವ. ಸಿಟಿಯ ಪ್ರೇಕ್ಷಕನಿಗೂ ಅಲ್ಲಿ ಒಂದು ಕ್ಷಣ ಅನುಮಾನ ಬರಲಿ ಅಂತಲೇ ಹೇನ್ಸ್ ಆ ದೃಶ್ಯ ಕಟ್ಟಿದ್ದಾನೆ. ನನಗೆ ಬರಲಿಲ್ಲ. ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಮನೆಯಲ್ಲಿ ಯಾವಾಗಲೂ ಎರಡು ಮೂರು ದನ ಇರುತ್ತಿದ್ದವು. ಸಂಜೆ ಹಸು ಮೆಲುಕು ಹಾಕದೆ ನಿಂತರೆ ಅಪ್ಪನಿಗೆ ಊಟ ಇಳಿಯುತ್ತಿರಲಿಲ್ಲ. ಡಾಕ್ಟರು ಬರುವ ಮೊದಲೇ “ಇದು ಏನೋ ತಿಂದಿದೆ, ಇದು ಜ್ವರ ಅಲ್ಲ” ಅನ್ನುತ್ತಿದ್ದ. ಹೆಚ್ಚಿನ ಸಲ ಅದೇ ನಿಜ ಆಗಿರುತ್ತಿತ್ತು. ನಾನ್ನೂರು ಪುಟದ ರಿಪೋರ್ಟು ಹೇಳದ್ದನ್ನು ಒಂದು ಹಸು ಹೇಳುತ್ತೆ ಅನ್ನೋದು ನಮ್ಮಂಥವರಿಗೆ ಹೊಸದಲ್ಲ. ಇಡೀ ಸಿನಿಮಾದಲ್ಲಿ ಅತ್ಯಂತ ನಿಖರವಾದ ವೈಜ್ಞಾನಿಕ ವೀಕ್ಷಣೆ ಮಾಡಿದವನು ಟೆನ್ನೆಂಟ್. ಸಿನಿಮಾಕ್ಕೆ ಇದು ಗೊತ್ತು, ಆದರೂ ಮೊದಲ ಭಾಗ ಮುಗಿದ ಮೇಲೆ ಅವನನ್ನು ಮೂಲೆಗೆ ಸರಿಸುತ್ತೆ. 2009ರಲ್ಲಿ ಅವನು ಕ್ಯಾನ್ಸರಿನಿಂದ ಸತ್ತ. ಸಿನಿಮಾದಲ್ಲಿ ಅದು ಬರುವ ಹೊತ್ತಿಗೆ ನಾವು ಬಿಲಾಟ್‌ನ ಕೈ ನಡುಕ, ಸಂಬಳ ಕಡಿತ, ದಾಂಪತ್ಯ ಇವುಗಳಲ್ಲಿ ಮುಳುಗಿರುತ್ತೇವೆ. ಇದು ನನ್ನ ಮೊದಲ ತಕರಾರು.

ಎರಡನೆಯದು ಇನ್ನೂ ಮುಖ್ಯ. ಕಡತಗಳನ್ನು ಓದಿ ಓದಿ ಸತ್ಯ ಹೊಳೆದ ರಾತ್ರಿ ಬಿಲಾಟ್ ತನ್ನ ಮನೆಯ ಕಾರ್ಪೆಟ್ ಕಿತ್ತು ಹಾಕುತ್ತಾನೆ, ಅಡುಗೆಮನೆಯ ಪಾತ್ರೆಗಳನ್ನು ತಡಕಾಡುತ್ತಾನೆ. ಹೆಂಡತಿಗೆ ಗಂಡನ ತಲೆ ಕೆಟ್ಟಿತು ಅನ್ನೋ ಭಯ. (ಹೆಂಡತಿ ಪಾತ್ರದಲ್ಲಿ ಆನ್ ಹ್ಯಾಥವೇ. ಆಕೆ ಕೂಡ ವಕೀಲೆ ಅಂತ ಒಂದು ಮಾತು ಬರುತ್ತೆ, ಆಮೇಲೆ ಬಾಗಿಲಲ್ಲಿ ನಿಂತು ಆತಂಕ ಪಡೋದೇ ಕೆಲಸ. ವ್ಯರ್ಥ.) ಥ್ರಿಲ್ಲರ್ ಆಗಿ ಈ ದೃಶ್ಯ ಕೆಲಸ ಮಾಡುತ್ತೆ. ನಾನು ತವಾ ಎಸೆದದ್ದು ಈ ದೃಶ್ಯದಿಂದಲೇ. ಆದರೆ ವಿಷಯದ ದೃಷ್ಟಿಯಿಂದ ಇದು ದಾರಿ ತಪ್ಪಿಸುತ್ತೆ. ತವಾ ತಯಾರಾಗಿ ಅಂಗಡಿಗೆ ಬರುವ ಹೊತ್ತಿಗೆ ಅದರಲ್ಲಿ ಪಿಎಫ್ಒಎ ಉಳಿಯುವುದು ಅತ್ಯಲ್ಪ. ಅದು ತಯಾರಿಕೆಯ ಹಂತದಲ್ಲಿ ಬಳಸುವ ವಸ್ತು, ಕಾಯಿಸುವಾಗ ಬಹುತೇಕ ಹೊರಟುಹೋಗುತ್ತೆ. ಟೆಫ್ಲಾನ್ ಲೇಪನ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗಲು ಶುರುವಾಗುತ್ತೆ, ಇನ್ನೂ ಕಾದರೆ ವಿಷದ ಹೊಗೆ ಬಿಡುತ್ತೆ. ಆ ಹೊಗೆಗೆ ಮನೆಯಲ್ಲಿ ಸಾಕಿದ ಗಿಣಿಗಳು ಸಾಯುತ್ತವೆ, ಮನುಷ್ಯರಿಗೆ ಜ್ವರದ ಥರ ಬರುತ್ತೆ. ಖಾಲಿ ತವಾನ ಜೋರು ಉರಿಯಲ್ಲಿಟ್ಟು ಫೋನ್ ನೋಡುತ್ತಾ ನಿಲ್ಲಬೇಡಿ, ಅಷ್ಟು ಸಾಕು. ಪಾರ್ಕರ್ಸ್‌ಬರ್ಗಿನ ಜನಕ್ಕೆ ಕಾಯಿಲೆ ತಂದದ್ದು ಅವರ ತವಾ ಅಲ್ಲ. ಬೇರೆಯವರ ತವಾಗಳನ್ನು ಮಾಡಲು ಕಾರ್ಖಾನೆ ಹೊಳೆಗೆ, ಗಾಳಿಗೆ, ಗುಂಡಿಗೆ ಬಿಟ್ಟದ್ದು ಅವರ ನಲ್ಲಿಯಲ್ಲಿ ಬಂತು.

ಇದು ಸಣ್ಣ ವ್ಯತ್ಯಾಸ ಅಲ್ಲ. ನನ್ನ ಅಡುಗೆಮನೆ ಶುದ್ಧವಾದರೆ ವಿಷಯ ಮುಗೀತು ಅಂದುಕೊಳ್ಳೋದು ಒಂದು ಥರ. ನನ್ನ ಅಡುಗೆಮನೆ ಶುದ್ಧವಾಗಿರಲು ಯಾರ ಹಳ್ಳ ಕೆಟ್ಟಿತು ಅಂತ ಕೇಳೋದು ಇನ್ನೊಂದು. ಸಿನಿಮಾ ಎರಡನೆಯದರ ಬಗ್ಗೆ ಇದೆ, ಹೆದರಿಸುವುದು ಮಾತ್ರ ಮೊದಲನೆಯದನ್ನು ಇಟ್ಟುಕೊಂಡು.

ವಿಚಿತ್ರ ಅಂದರೆ, ಇದೇ ಹೇನ್ಸ್ ಈ ಬಲೆಯನ್ನು ಬಹಳ ಹಿಂದೆಯೇ ಬಿಡಿಸಿ ತೋರಿಸಿದ್ದ. 1995ರಲ್ಲಿ ಬಂದ ‘ಸೇಫ್’ ಅನ್ನೋ ಸಿನಿಮಾ ನೋಡಿ. 1987ರ ಲಾಸ್ ಏಂಜಲಿಸ್ ಹೊರವಲಯ, ದೊಡ್ಡ ಮನೆ, ಏರೋಬಿಕ್ಸ್ ಕ್ಲಾಸು, ಹೊಸ ಸೋಫಾ. ಜೂಲಿಯಾನ್ ಮೂರ್ ಮಾಡಿರುವ ಕ್ಯಾರೊಲ್‌ಗೆ ಲಾರಿ ಹೊಗೆಯಿಂದ ಕೆಮ್ಮು, ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡಿಸಿದರೆ ಮೂಗಿನಲ್ಲಿ ರಕ್ತ, ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕುಸಿದು ಬೀಳುತ್ತಾಳೆ. ಡಾಕ್ಟರಿಗೆ ಏನೂ ಸಿಗುವುದಿಲ್ಲ. ಅವಳಿಗೆ ಆಗಿರುವುದು ರಾಸಾಯನಿಕದಿಂದಲೋ, ಬದುಕಿನ ಬೇಸರದಿಂದಲೋ ಅಂತ ಸಿನಿಮಾ ಕೊನೆವರೆಗೂ ಹೇಳುವುದಿಲ್ಲ. ಅವಳು ಮರಳುಗಾಡಿನ ಒಂದು ಆಶ್ರಮಕ್ಕೆ ಹೋಗುತ್ತಾಳೆ. ಅಲ್ಲಿನ ಗುರು, ಕಾಯಿಲೆಗೆ ಕಾರಣ ನೀವೇ, ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ ಅನ್ನುತ್ತಾನೆ. ಕೊನೆಗೆ ಕ್ಯಾರೊಲ್ ಒಂದು ಬಿಳೀ ಗೂಡಿನಂಥ ಕೋಣೆಯಲ್ಲಿ ಒಬ್ಬಳೇ, ಕನ್ನಡಿ ಮುಂದೆ. ಹೆಸರು ‘ಸೇಫ್’. ಅಷ್ಟು ತಣ್ಣಗಿನ ವ್ಯಂಗ್ಯ ನಾನು ಬೇರೆಲ್ಲೂ ನೋಡಿಲ್ಲ.

ನಮ್ಮಲ್ಲಿ ಆ ಗೂಡು ಇಎಂಐ ಮೇಲೆ ಸಿಗುತ್ತೆ ಅನ್ನೋದು ಬಿಟ್ಟರೆ ಹೆಚ್ಚು ವ್ಯತ್ಯಾಸ ಇಲ್ಲ. ನೀರಿಗೆ ಆರ್‌ಒ, ಗಾಳಿಗೆ ಪ್ಯೂರಿಫೈಯರ್, ಶನಿವಾರ ಆರ್ಗ್ಯಾನಿಕ್ ಸಂತೆ, ಮಗುವಿಗೆ ಮರದ ಆಟಿಕೆ. ನಾನೂ ಎಲ್ಲ ಕೊಂಡಿದ್ದೇನೆ, ಗೇಲಿ ಮಾಡುವ ಹಕ್ಕು ನನಗೂ ಇಲ್ಲ. ಎಸೆದ ತವಾ ಬದಲಿಗೆ ನಾನು ತಂದ ಹೊಸದರ ಮೇಲೆ ಹಸಿರು ಸ್ಟಿಕ್ಕರ್ ಇತ್ತು: ‘ಪಿಎಫ್ಒಎ ಫ್ರೀ’. ಏನು ಇಲ್ಲ ಅಂತ ಹೇಳುತ್ತೆ, ಏನು ಇದೆ ಅಂತ ಹೇಳಲ್ಲ. ಡುಪಾಂಟ್ ಪಿಎಫ್ಒಎ ಬಿಟ್ಟು ಅದರ ಜಾಗಕ್ಕೆ ತಂದ ಜೆನ್‌ಎಕ್ಸ್ ಅನ್ನೋದು ಕೂಡ ಅದೇ ಕುಲದ ರಾಸಾಯನಿಕ. ಅದು ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ ಸೇರಿಕೊಂಡಿರುವುದು 2017ರಲ್ಲಿ ಬಯಲಾಯಿತು. ಹೆಸರು ಬೇರೆ, ಹೊಳೆ ಬೇರೆ. ಸಾಫ್ಟ್‌ವೇರಿನಲ್ಲಿ ನಾವು ಇದಕ್ಕೆ ರೀಫ್ಯಾಕ್ಟರಿಂಗ್ ಅಂತೀವಿ: ಹೊರಗಿನ ವರ್ತನೆ ಬದಲಾಗಬಾರದು.

ಸಿನಿಮಾವಾಗಿ ‘ಸೇಫ್’ ದೊಡ್ಡದು. ಆದರೆ ನಾನು ಮತ್ತೆ ಮತ್ತೆ ಹೋಗುವುದು ‘ಡಾರ್ಕ್ ವಾಟರ್ಸ್’ಗೆ, ಕಾರಣ ಅದರಲ್ಲಿರುವ ಡಬ್ಬಗಳು. ಕಂಪನಿಯವರು ಬಿಲಾಟ್‌ನನ್ನು ಮುಳುಗಿಸಲು 1,10,000 ಪುಟಗಳ ಕಡತ ಕಳಿಸುತ್ತಾರೆ, ಯಾವ ಕ್ರಮವೂ ಇಲ್ಲದೆ. ಅವನು ನೆಲದ ಮೇಲೆ ಕೂತು ತಾರೀಖಿನ ಪ್ರಕಾರ ಜೋಡಿಸುತ್ತಾನೆ. ಈ ಕೆಲಸವನ್ನು ರೋಮಾಂಚಕ ಮಾಡೋದು ಕಷ್ಟ. ಹೇನ್ಸ್ ಮಾಡೋಕೂ ಹೋಗುವುದಿಲ್ಲ. ಎಡ್ ಲ್ಯಾಕ್‌ಮನ್‌ನ ಕ್ಯಾಮೆರಾ ಎಲ್ಲಕ್ಕೂ ಪಾಚಿಗಟ್ಟಿದ ನೀರಿನ ಬಣ್ಣ ಬಳಿದು ಸುಮ್ಮನೆ ಕಾಯುತ್ತೆ. ಪರದೆ ಮೇಲೆ ವರ್ಷಗಳು ಬಂದು ಹೋಗುತ್ತವೆ.

ಆ ಕಡತಗಳಲ್ಲಿ ಇದ್ದದ್ದು ಇಷ್ಟು. ಡುಪಾಂಟ್ 1951ರಿಂದ ತ್ರೀಎಂ ಕಂಪನಿಯಿಂದ ಸಿ-8 ಕೊಳ್ಳುತ್ತಿತ್ತು. 1981ರಲ್ಲಿ ತ್ರೀಎಂ, ಇಲಿಗಳ ಮರಿಗಳಲ್ಲಿ ಹುಟ್ಟು ದೋಷ ಕಂಡಿದೆ ಅಂತ ತಿಳಿಸಿತು. ಡುಪಾಂಟ್ ತನ್ನದೇ ಟೆಫ್ಲಾನ್ ವಿಭಾಗದ ಹೆಣ್ಣು ಕೆಲಸಗಾರರ ಮಕ್ಕಳನ್ನು ನೋಡಿತು: ಏಳರಲ್ಲಿ ಎರಡು ಮಕ್ಕಳಿಗೆ ಕಣ್ಣಿನ ದೋಷ. ಸಾರ್ವಜನಿಕರಿಗೆ ಹೇಳಲಿಲ್ಲ. 1991ರಲ್ಲಿ ಕುಡಿಯುವ ನೀರಿಗೆ ಒಂದು ಶತಕೋಟಿಯಲ್ಲಿ 1 ಭಾಗ ಅಂತ ಒಳಗಿನ ಮಿತಿ ಹಾಕಿಕೊಂಡಿತು. ಅದೇ ವರ್ಷ ಅಕ್ಕಪಕ್ಕದ ಊರಿನ ನೀರಿನಲ್ಲಿ ಅದರ ಮೂರು ಪಟ್ಟು ಇತ್ತು. ಆಗಲೂ ಹೇಳಲಿಲ್ಲ. ಬಿಲಾಟ್ ವಿಷಯ ಹೊರಗೆ ತಂದ ಮೇಲೆ, 2002ರಲ್ಲಿ, ವೆಸ್ಟ್ ವರ್ಜೀನಿಯಾ ಸರ್ಕಾರದ ಸಮಿತಿ ಸುರಕ್ಷಿತ ಮಿತಿ ಎಷ್ಟು ಅಂತ ತೀರ್ಮಾನಿಸಿತು ಗೊತ್ತಾ? ಒಂದಲ್ಲ, 150. ಸಮಿತಿಯಲ್ಲಿ ಡುಪಾಂಟಿನ ಜನವೂ ಇದ್ದರು. 2024ರಲ್ಲಿ ಅಮೆರಿಕದ ಇಪಿಎ ಹಾಕಿದ ಮಿತಿ 0.004. ಭಾಗಾಕಾರ ಮಾಡಿ ನೋಡಿ, 37,500 ಪಟ್ಟು. ಅಂದು ‘ಸೇಫ್’ ಅಂದ ನೀರನ್ನೇ ನಂಬಿ ಫಾರ್ಮುಲಾ ಹಾಲು ಕಲಸಿದ ತಾಯಂದಿರು ಎಷ್ಟು ಜನವೋ.

ಇದೆಲ್ಲ ಹೇಗೆ ಸಾಧ್ಯ ಆಯಿತು ಅನ್ನೋದಕ್ಕೆ ಸಿನಿಮಾ ಒಂದೆರಡು ವಾಕ್ಯ ಕೊಟ್ಟು ಓಡುತ್ತೆ, ನಾನಾಗಿದ್ದರೆ ಹತ್ತು ನಿಮಿಷ ಕೊಡುತ್ತಿದ್ದೆ. ಅಮೆರಿಕದಲ್ಲಿ 1976ರಲ್ಲಿ ವಿಷಕಾರಿ ವಸ್ತುಗಳ ನಿಯಂತ್ರಣ ಕಾಯಿದೆ ಬಂತು. ಆಗ ಬಳಕೆಯಲ್ಲಿದ್ದ ಸುಮಾರು 62,000 ರಾಸಾಯನಿಕಗಳನ್ನು ಪರೀಕ್ಷೆ ಇಲ್ಲದೇ ಹಾಗೇ ಒಳಗೆ ಬಿಟ್ಟರು. ಅಪಾಯ ಇದೆ ಅಂತ ಗೊತ್ತಾದರೆ ಕಂಪನಿಯೇ ಬಂದು ಹೇಳಬೇಕು. ಸಿ-8 ಆ 62,000ದಲ್ಲಿ ಒಂದು. ಈ ಕಾಯಿದೆಯನ್ನು ಗಂಭೀರವಾಗಿ ತಿದ್ದಿದ್ದು 2016ರಲ್ಲಿ.

ಸಿನಿಮಾದ ನಿಜವಾದ ಧೈರ್ಯ ಅದರ ಕೊನೆಯ ಮುಕ್ಕಾಲು ಗಂಟೆಯಲ್ಲಿದೆ. 2004ರಲ್ಲಿ ರಾಜಿ ಆಗುತ್ತೆ. ಆ ದುಡ್ಡಿನಲ್ಲಿ ಸುಮಾರು 70,000 ಜನರ ರಕ್ತ ಪರೀಕ್ಷೆ ಮಾಡಿ, ವಿಜ್ಞಾನಿಗಳ ಸಮಿತಿ ಕೂರಿಸುತ್ತಾರೆ. ಆಮೇಲೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಫೋನ್ ರಿಂಗಾಗುತ್ತೆ, “ಬಂತಾ ಫಲಿತಾಂಶ?”, “ಇನ್ನೂ ಇಲ್ಲ”. ಸಮಿತಿ 2011–12ರಲ್ಲಿ ಉತ್ತರ ಕೊಟ್ಟಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್, ದೊಡ್ಡ ಕರುಳಿನ ಹುಣ್ಣು, ಕೊಲೆಸ್ಟ್ರಾಲ್, ಗರ್ಭಿಣಿಯರ ರಕ್ತದೊತ್ತಡ, ಈ ಆರಕ್ಕೂ ಸಿ-8ಕ್ಕೂ ಸಂಬಂಧ ಇರುವ ಸಂಭವ ಹೆಚ್ಚು. 3,500ಕ್ಕೂ ಹೆಚ್ಚು ಕೇಸುಗಳು 2017ರಲ್ಲಿ 67 ಕೋಟಿ ಡಾಲರಿಗೆ ಇತ್ಯರ್ಥವಾದವು. ಕೋರ್ಟ್ ಸಿನಿಮಾ ಅಂದರೆ ಕ್ಲೈಮ್ಯಾಕ್ಸಿನಲ್ಲಿ ಭಾಷಣ ಅಂತ ಅಂದುಕೊಂಡವರಿಗೆ ಇಲ್ಲಿ ಸಿಗೋದು ಕಾಯುವಿಕೆ ಮಾತ್ರ. ಅಲ್ಲಿ ಬೇಸರ ಆಗುತ್ತೆ ಅಂತ ಸ್ನೇಹಿತನೊಬ್ಬ ಹೇಳಿದ. ಆಗಬೇಕು ಮಾರಾಯ.

ಈ ಕಾಯುವಿಕೆ ನೋಡುವಾಗ ನನಗೆ ನೆನಪಾದದ್ದು ನಮ್ಮ ಪಕ್ಕದ ಕತೆ. ಕಾಸರಗೋಡಿನ ಪಡ್ರೆ. ಅಲ್ಲಿನ ಕನ್ನಡ ಪತ್ರಕರ್ತ ಶ್ರೀ ಪಡ್ರೆಯವರು 1979ರಷ್ಟು ಹಿಂದೆಯೇ, ಗೇರು ತೋಪುಗಳ ಪಕ್ಕದಲ್ಲಿ ಕಾಲು ತಿರುಚಿಕೊಂಡು ಹುಟ್ಟಿದ ಕರುಗಳನ್ನು ಗಮನಿಸಿ ಬರೆದರು. ಅಲ್ಲೂ ಮೊದಲು ಹೇಳಿದ್ದು ದನ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದವರೆಗೂ ನಡೆಯಿತು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆದದ್ದು 2011ರ ಮೇ ತಿಂಗಳಲ್ಲಿ. ಕರು ಹುಟ್ಟಿದ್ದಕ್ಕೂ ಆದೇಶಕ್ಕೂ 32 ವರ್ಷ. ನಮ್ಮ ಕೊಕ್ಕಡದ ಮಕ್ಕಳದ್ದೂ ಇದೇ ಪಟ್ಟಿ. ಅಲ್ಲಿ ಬಿಲಾಟ್‌ಗೆ ಸಿಕ್ಕಂಥ ಕಡತದ ಡಬ್ಬಗಳು ಯಾರಿಗೂ ಸಿಗಲಿಲ್ಲ. ಸಮಿತಿ ಮೇಲೆ ಸಮಿತಿ ಬಂತು, ಒಂದರ ವರದಿಯನ್ನು ಇನ್ನೊಂದು ಪ್ರಶ್ನಿಸಿತು.

ನಮ್ಮೂರಲ್ಲಿ ಹೆಲಿಕಾಪ್ಟರ್ ಬರಲಿಲ್ಲ. ನಮ್ಮಲ್ಲಿ ಗಮಾಕ್ಸಿನ್ ಇತ್ತು. ಡಬ್ಬದ ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ರಾಗಿ ಕಣಜದ ಸುತ್ತ ಇರುವೆಗೆ ಅಂತ ಅಮ್ಮ ರಂಗೋಲಿ ಹಾಕಿದ ಹಾಗೆ ಉದುರಿಸುತ್ತಿದ್ದಳು. ತಲೆಯ ಹೇನಿಗೂ ಅದೇ. ಅದರ ವಾಸನೆ ಬಂದರೆ ನನಗೆ ಈಗಲೂ ರಜೆಯ ನೆನಪು. ಅದು ಬಿಎಚ್‌ಸಿ, 1997ರಲ್ಲಿ ದೇಶದಲ್ಲಿ ನಿಷೇಧ ಆಯಿತು. ನನಗೆ ಆಗ ಹತ್ತು ವರ್ಷ. ನಿಷೇಧ ಆದ ಸುದ್ದಿ ನಮ್ಮ ಮನೆಗೆ ಬಂದದ್ದು ಡಬ್ಬ ಖಾಲಿಯಾದ ಮೇಲೆ, ಅಂಗಡಿಯವನು “ಆ ಪುಡಿ ಈಗ ಬರ್ತಿಲ್ಲಮ್ಮ” ಅಂದಾಗ. ಯಾಕೆ ಬರುತ್ತಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ.

ಎರಡನೇ ಸಲ ಸಿನಿಮಾ ನೋಡುವಾಗ ಡಬ್ಬಗಳ ದೃಶ್ಯದಲ್ಲಿ ನಾನು ಪಾಸ್ ಒತ್ತಿದೆ. ಕಾರಣ ಹೇಳಿಬಿಡುತ್ತೇನೆ. ನಾಲ್ಕು ವರ್ಷ ನಾನು ಕೆಲಸ ಮಾಡಿದ್ದು ಹೊರದೇಶದ ಒಂದು ಕ್ಲೈಂಟಿಗೆ ಸುರಕ್ಷತಾ ಮಾಹಿತಿ ಹಾಳೆ ತಯಾರಿಸುವ ಸಾಫ್ಟ್‌ವೇರ್ ಮೇಲೆ. ಪ್ರತಿ ರಾಸಾಯನಿಕದ ಜೊತೆ 16 ವಿಭಾಗಗಳ ಒಂದು ಹಾಳೆ ಹೋಗಬೇಕು, 11ನೆಯದು ವಿಷತ್ವದ ಮಾಹಿತಿ. ಕ್ಯಾನ್ಸರ್ ತರುತ್ತಾ, ಹುಟ್ಟುವ ಮಗುವಿಗೆ ತೊಂದರೆಯಾ, ಎಲ್ಲ ಅಲ್ಲೇ. ಡೇಟಾಬೇಸಿನಲ್ಲಿ ಆ ಕಾಲಂ ಖಾಲಿ ಇದ್ದರೆ ಏನು ಅಚ್ಚಾಗಬೇಕು? ಡಿಫಾಲ್ಟ್ ಆಗಿ ‘ಮಾಹಿತಿ ಲಭ್ಯವಿಲ್ಲ’. ಆ ಸಾಲಿನ ಕೋಡ್ ಬರೆದದ್ದು ನಾನು. ಹತ್ತು ನಿಮಿಷದ ಕೆಲಸ. ನಿಯಮದ ಪ್ರಕಾರ ತಪ್ಪೇನೂ ಇಲ್ಲ, ಎಲ್ಲರೂ ಹಾಗೇ ಮಾಡೋದು.

ಆದರೆ ‘ಪರೀಕ್ಷೆ ಮಾಡಿಲ್ಲ’, ‘ಮಾಡಿದೆವು, ಏನೂ ಕಾಣಲಿಲ್ಲ’, ‘ಮಾಡಿದೆವು, ಹಾಳೆ ಬೇರೆ ಡಬ್ಬದಲ್ಲಿದೆ’, ಈ ಮೂರೂ ನನ್ನ ಆ ಒಂದು ಸಾಲಿನಲ್ಲಿ ಒಂದೇ ಆಗಿ ಅಚ್ಚಾಗುತ್ತವೆ. 1981ರ ನಂತರದ ಡುಪಾಂಟಿಗೆ ನನ್ನ ಸಾಫ್ಟ್‌ವೇರ್ ಬಹಳ ಹಿಡಿಸುತ್ತಿತ್ತು.

ಸೋಮವಾರ ಹೋಗಿ ಒಂದು ಟಿಕೆಟ್ ಹಾಕಿದೆ. ಖಾಲಿ ಕಾಲಂ ಬದಲು ಮೂರು ಆಯ್ಕೆ ಕೊಡೋಣ, ಯಾಕೆ ಖಾಲಿ ಅಂತ ತುಂಬಿಸುವವರೇ ಹೇಳಲಿ ಅಂತ. ಮ್ಯಾನೇಜರು ಒಳ್ಳೆಯವರು, ಕ್ಲೈಂಟಿಗೆ ಕಳಿಸಿದರು. ಕ್ಲೈಂಟ್ ಕಡೆಯಿಂದ ಬಂದ ಉತ್ತರ ಎರಡು ಸಾಲು: ಈಗಿರುವುದು ನಿಯಮಕ್ಕೆ ಸರಿಯಾಗಿದೆ, ಬಜೆಟ್ ಇಲ್ಲ. ಟಿಕೆಟ್ ಬ್ಯಾಕ್‌ಲಾಗಿಗೆ ಹೋಯಿತು. ಆಮೇಲೆ ನಾನು ಬೇರೆ ಪ್ರಾಜೆಕ್ಟಿಗೆ ಬಂದೆ. ಬಿಲಾಟ್ 2001ರಲ್ಲಿ ಇಪಿಎಗೆ ಬರೆದ ಪತ್ರ 972 ಪುಟ ಇತ್ತು, ನನ್ನದು ಒಂದು ಪ್ಯಾರಾ. ಹೋಲಿಸಿಕೊಳ್ಳುತ್ತಿಲ್ಲ, ಲೆಕ್ಕ ಹೇಳಿದೆ ಅಷ್ಟೇ.

ಮಗಳಿಗೆ ಈಗ ಎರಡು ವರ್ಷ. ಹೋದ ತಿಂಗಳು ಊರಿಗೆ ಹೋಗಿದ್ದಾಗ ಹಿತ್ತಲಿನ ಸೌದೆ ಒಲೆ ಮೇಲೆ ಅದೇ ತವಾ ಕಾಯುತ್ತಿತ್ತು, ಲೇಪನ ಅರ್ಧ ಎದ್ದುಹೋಗಿತ್ತು. ಸೌದೆ ಉರಿಯ ಮೇಲೆ ಅದನ್ನ ಇಡಬೇಡಮ್ಮ ಅಂತ 260 ಡಿಗ್ರಿಯ ಕತೆ ಹೇಳಲು ಕೂತೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. “ಹಂಗಾದ್ರೆ ಅವತ್ತೇ ಯಾಕೆ ಹೇಳಲಿಲ್ಲ?” ಅಂದಳು.